ಬಕೆಟ್ ಲಿಸ್ಟ್ ಪುಟಗಟ್ಟಲೆ ಬೆಳೆದಿದೆ, ಯಾವ ಜಾಗ ಮೊದಲು?

ಭೂಪಟಪ್ರೇಮಿ:
ಎಲ್ಲರಿಗೂ ನಮಸ್ಕಾರ. ಅಟ್ಲಾಸ್ ಅಂದರೆ ನನಗೆ ಮೊದಲಿಂದಲೂ ಪ್ರಾಣ. ಮನಸ್ಸಿಗೆ ಹಿಡಿಸಿದ ಜಾಗಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಇಂಕಾ ಜನರ ಹಳೇ ಊರು ಮಾಚು ಪಿಚು, ಬೊಲಿವಿಯಾದ ಉಯುನಿ ಉಪ್ಪಿನ ಬಯಲು, ಜೋರ್ಡಾನಿನಲ್ಲಿ ಬಂಡೆ ಕೊರೆದು ಕಟ್ಟಿದ ಪುರಾತನ ನಗರ ಪೆಟ್ರಾ, ಜಾಂಬಿಯಾ-ಜಿಂಬಾಬ್ವೆ ಗಡಿಯ ವಿಕ್ಟೋರಿಯಾ ಜಲಪಾತ, ನಾರ್ವೆಯ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು ನಾರ್ದರ್ನ್ ಲೈಟ್ಸ್, ಅಂಟಾರ್ಕ್ಟಿಕಾ. ಇದು ಮೊದಲ ಪುಟ ಮಾತ್ರ.

ವರ್ಷಕ್ಕೆ ಒಂದೇ ದೊಡ್ಡ ಪ್ರವಾಸ ಸಾಧ್ಯ. ಅಮ್ಮನೂ ಜೊತೆಗೆ ಬರುತ್ತಾರೆ. ಅವರಿಗೆ ಮೊಣಕಾಲು ನೋವು, ಆದರೆ ಉತ್ಸಾಹ ನನಗಿಂತ ಜಾಸ್ತಿ. ಅವರ ಆಸೆ ಒಂದೇ: ಪೆಂಗ್ವಿನ್‌ಗಳನ್ನು ಹತ್ತಿರದಿಂದ ನೋಡಬೇಕು. ಸುಮ್ನೆ ಬರೆದಿಟ್ಟುಕೊಂಡು ಕೂರುವುದು ನನಗೆ ಬೇಡ, ನಿಜವಾಗಿ ಹೋಗಬೇಕು. ಎಲ್ಲಿಂದ ಶುರು ಮಾಡಲಿ?

ಹನ್ನೆರಡು ತಿಂಗಳು:
ಪ್ರತಿ ಹೆಸರಿನ ಪಕ್ಕ ಒಂದು ತಿಂಗಳು ಬರೆಯಿರಿ. ನಾನು ಪ್ಲಾನ್ ಮಾಡುವುದೇ ಹೀಗೆ. ದೇಶ ಹಿಡಿದು ಯೋಚಿಸುವುದಕ್ಕಿಂತ ತಿಂಗಳು ಹಿಡಿದು ಯೋಚಿಸಿದರೆ ಅರ್ಧ ಗೊಂದಲ ಮುಗಿಯುತ್ತದೆ.

ಉಯುನಿಯನ್ನೇ ನೋಡಿ. 10,000 ಚದರ ಕಿಲೋಮೀಟರಿಗೂ ದೊಡ್ಡ ಬಯಲು. ಆಕಾಶವೆಲ್ಲ ನೆಲದಲ್ಲಿ ಕಾಣುವ ಫೋಟೊ ನೋಡಿರುತ್ತೀರಿ ಅಲ್ವಾ? ಉಪ್ಪಿನ ಮೇಲೆ ತೆಳ್ಳಗೆ ಮಳೆನೀರು ನಿಂತಾಗ ಹಾಗೆ ಕಾಣುತ್ತದೆ, ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಜುಲೈನಲ್ಲಿ ಹೋದರೆ ಒಣಗಿದ ಬಿಳಿ ನೆಲ, ಅದರ ಮೇಲೆ ಆರು ಮೂಲೆಯ ಗೆರೆಗಳು. ಅದೂ ಚಂದವೇ. ಆದರೆ ನಿಮ್ಮ ಮನಸ್ಸಿನಲ್ಲಿರುವ ಉಯುನಿ ಯಾವುದು ಅಂತ ಮೊದಲು ಕೇಳಿಕೊಳ್ಳಿ.

ಪಕ್ಕದ ಪೆರುವಿನ ಮಾಚು ಪಿಚುವನ್ನೂ ಅದೇ ಪ್ರವಾಸಕ್ಕೆ ಸೇರಿಸಬಹುದು. ಅಲ್ಲಿಗೆ ನಡೆದು ಹೋಗುವ ಇಂಕಾ ಟ್ರೇಲ್ ಅನ್ನು ಪ್ರತಿ ಫೆಬ್ರವರಿಯಲ್ಲಿ ದುರಸ್ತಿಗೆ ಮುಚ್ಚುತ್ತಾರೆ. ಮಿಕ್ಕ ತಿಂಗಳಲ್ಲೂ ದಿನಕ್ಕೆ 500 ಜನಕ್ಕೆ ಮಾತ್ರ ಪರ್ಮಿಟ್. ಅದರಲ್ಲೇ ಗೈಡ್‌ಗಳು, ಹೊರೆ ಹೊರುವವರು ಎಲ್ಲರೂ ಬಂದರು. ಅಮ್ಮ ಇರುವುದರಿಂದ ನೀವು ರೈಲಿನಲ್ಲೇ ಹೋಗಿ, ಕೆಳಗಿನ ಊರಿನಿಂದ ಮೇಲಕ್ಕೆ ಬಸ್ ಇದೆ. ಮಳೆ ತಗ್ಗುವ ಮಾರ್ಚ್ ಕೊನೆ ಎರಡೂ ಕಡೆಗೆ ಹೊಂದುತ್ತದೆ.

ವಿಕ್ಟೋರಿಯಾಗೆ ನನ್ನ ಆಯ್ಕೆ ಜೂನ್ ಅಥವಾ ಜುಲೈ. ಏಪ್ರಿಲ್‌ನಲ್ಲಿ ಜಾಂಬೆಜಿ ನದಿ ತುಂಬಿ ಹರಿಯುತ್ತದೆ, ತುಂತುರಿನ ಮರೆಯಲ್ಲಿ ಜಲಪಾತವೇ ಸರಿಯಾಗಿ ಕಾಣುವುದಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಜಾಂಬಿಯಾ ಕಡೆ ಬಹುಪಾಲು ಬರೀ ಬಂಡೆ.

ನಿಧಾನ ಪಯಣ:
ನನ್ನ ಗಮನ ಅಮ್ಮನ ಮೊಣಕಾಲಿನ ಮೇಲೇ ನಿಂತಿತು. ನಾನೂ ಅಪ್ಪನ ಜೊತೆ ಸುತ್ತುವವಳು. ನಡೆಯಬೇಕಾದ ಜಾಗಗಳನ್ನು ತುಂಬಾ ವರ್ಷ ಮುಂದೂಡಬೇಡಿ, ದಯವಿಟ್ಟು. ಪೆಟ್ರಾದಲ್ಲಿ ಬಂಡೆಗಳ ನಡುವಿನ ಸಂದಿಯೇ 1 ಕಿಲೋಮೀಟರಿಗಿಂತ ಉದ್ದ, ಅದು ದಾಟಿದರೆ ಬಂಡೆಯಲ್ಲಿ ಕೆತ್ತಿದ ಟ್ರೆಷರಿ ಕಟ್ಟಡ. ಅಲ್ಲಿಯವರೆಗೆ ಅಮ್ಮ ನಿಧಾನವಾಗಿ ಬರಬಹುದು. ಅಂಥದ್ದೇ ಇನ್ನೊಂದು ಕಟ್ಟಡ ಮೊನಾಸ್ಟರಿಗೆ ಇನ್ನೂ ಸುಮಾರು 800 ಮೆಟ್ಟಿಲು. ಅದನ್ನು ನೀವೊಬ್ಬರೇ ಹತ್ತಿ ಬನ್ನಿ.

ಎತ್ತರವನ್ನೂ ಲೆಕ್ಕಕ್ಕೆ ತಗೊಳ್ಳಿ, ಮೇಲೆ ಹೋದಷ್ಟೂ ಗಾಳಿ ತೆಳು, ಆಯಾಸ ಜಾಸ್ತಿ. ಮಾಚು ಪಿಚುಗೆ ಹೋಗುವವರು ಇಳಿಯುವ ಊರು ಕುಸ್ಕೊ 3,400 ಮೀಟರ್, ಮಾಚು ಪಿಚು 2,430, ಉಯುನಿ ಸುಮಾರು 3,650. ಕುಸ್ಕೊದಲ್ಲಿ ವಿಮಾನ ಇಳಿದ ಕೂಡಲೇ ಕೆಳಗಿನ ಕಣಿವೆಗೆ ಹೋಗಿ ಉಳಿಯಿರಿ. ಉಯುನಿ ಕೊನೆಗಿರಲಿ. ಹೊರಡುವ ಮುಂಚೆ ಡಾಕ್ಟರ್ ಹತ್ತಿರ ಮಾತಾಡಿ.

ಇನ್ನು ಪೆಂಗ್ವಿನ್. ಅದಕ್ಕೆ ಅಂಟಾರ್ಕ್ಟಿಕಾವರೆಗೆ ಕಾಯಬೇಕಿಲ್ಲ! ಕೇಪ್‌ಟೌನ್ ಹತ್ತಿರದ ಬೌಲ್ಡರ್ಸ್ ಬೀಚ್‌ನಲ್ಲಿ ಆಫ್ರಿಕನ್ ಪೆಂಗ್ವಿನ್‌ಗಳ ಕಾಲೊನಿ ಇದೆ. ಮರದ ಹಲಗೆಯ ದಾರಿಯಲ್ಲಿ ನಿಂತೇ ನೋಡಬಹುದು. ಅಲ್ಲಿಂದ ವಿಮಾನ ಹಿಡಿದರೆ ವಿಕ್ಟೋರಿಯಾ. ಜೂನ್, ಜುಲೈನಲ್ಲಿ ಕೇಪ್‌ಟೌನ್‌ಗೆ ಮಳೆಗಾಲ, ರೇನ್‌ಕೋಟ್ ಇರಲಿ. ನಾನಾಗಿದ್ದರೆ ಇದನ್ನೇ ಮೊದಲ ಪ್ರವಾಸ ಮಾಡುತ್ತಿದ್ದೆ.

ಇರುಳ ಬಾನು:
ಆಕಾಶದ ಕಡೆಯಿಂದ ಎರಡು ಮಾತು. ನಾರ್ವೆಯ ಟ್ರೊಮ್ಸೊದಲ್ಲಿ ಜೂನ್ ಇಡೀ ಸೂರ್ಯ ಮುಳುಗುವುದಿಲ್ಲ, ನಾರ್ದರ್ನ್ ಲೈಟ್ಸ್ ಕಾಣಲು ಕತ್ತಲು ಬೇಕು. ಹಾಗಾಗಿ ಸೆಪ್ಟೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಮೋಡ ಅಡ್ಡ ಬರುತ್ತದೆ, ಒಂದೇ ರಾತ್ರಿ ನಂಬಿಕೊಂಡು ಹೋಗಬೇಡಿ.

ಇನ್ನೊಂದು, ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು. 2027ರ ಆಗಸ್ಟ್ 2ರಂದು ಈಜಿಪ್ಟಿನ ಲಕ್ಸರ್‌ನಲ್ಲಿ ಪೂರ್ಣ ಸೂರ್ಯಗ್ರಹಣ. 6 ನಿಮಿಷಕ್ಕೂ ಹೆಚ್ಚು ಹೊತ್ತು ಹಗಲಲ್ಲೇ ಕತ್ತಲಾಗುತ್ತದೆ. ಪೆಟ್ರಾ ಅಲ್ಲಿಂದ ದೂರವಿಲ್ಲ. ಬಿಸಿಲು ವಿಪರೀತ, ನಿಜ. ಆದರೆ ಮಿಕ್ಕ ಜಾಗಗಳಿಗೆ ಮುಂದಿನ ವರ್ಷವೂ ಹೋಗಬಹುದು, ಇದಕ್ಕೆ ಆಗುವುದಿಲ್ಲ.

ಭೂಪಟಪ್ರೇಮಿ:
ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಬೌಲ್ಡರ್ಸ್ ಬೀಚ್ ಮತ್ತು ವಿಕ್ಟೋರಿಯಾ ಮೊದಲು ಅಂತ ಬರೆದಾಯಿತು. ಗ್ರಹಣದ ಬಿಸಿಲಿಗೆ ಅಮ್ಮನನ್ನು ಕರೆದುಕೊಂಡು ಹೋಗಲು ಧೈರ್ಯ ಬರುತ್ತಿಲ್ಲ, ಇನ್ನೂ ಯೋಚಿಸುತ್ತಿದ್ದೇನೆ. ಅಮ್ಮ ಮಾತ್ರ ಅಂಟಾರ್ಕ್ಟಿಕಾ ಬಿಡಲ್ಲ ಅಂತಿದ್ದಾರೆ. ಅದಕ್ಕೆ ದೊಡ್ಡ ಹಡಗು ಒಳ್ಳೆಯದಾ?

ಹನ್ನೆರಡು ತಿಂಗಳು:
ದೊಡ್ಡ ಹಡಗು ಅಲುಗಾಡುವುದು ಕಡಿಮೆ. ಆದರೆ 500ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅಲ್ಲಿ ಯಾರನ್ನೂ ದಡಕ್ಕೆ ಇಳಿಸುವಂತಿಲ್ಲ. ಚಿಕ್ಕ ಹಡಗಿನಿಂದಲೂ ಒಂದು ಸಲಕ್ಕೆ 100 ಜನ ಮಾತ್ರ ಇಳಿಯಬಹುದು. ಹಡಗಿನಿಂದ ರಬ್ಬರ್ ದೋಣಿಗೆ, ದೋಣಿಯಿಂದ ದಡಕ್ಕೆ ಕಾಲಿಡಬೇಕು. ಅಮ್ಮನಿಗೆ ಅದು ಆಗುತ್ತದಾ ಅಂತ ಬುಕ್ ಮಾಡುವ ಮುಂಚೆಯೇ ಹಡಗಿನವರನ್ನು ಕೇಳಿ. ಹೋಗುವುದಾದರೆ ಜನವರಿ, ಆಗ ಪೆಂಗ್ವಿನ್ ಮರಿಗಳೂ ಇರುತ್ತವೆ.