ಲೈಡಾರ್‌ನಲ್ಲಿ ಭೂಕಂಪದ ಸರಿತ (ನೆಲ ಜರುಗಿದ ದೂರ) ಅಳೆಯುವುದು: ಪ್ರಶ್ನೋತ್ತರ

ಕಣಿವೆಹಕ್ಕಿ: ಭೂಕಂಪಕ್ಕೆ ಮುಂಚಿನ ಮತ್ತು ನಂತರದ ಲೈಡಾರ್ (ಲೇಸರ್ ಹಾಯಿಸಿ ದೂರ ಅಳೆಯುವ ವಿಧಾನ) ಎತ್ತರ-ನಕ್ಷೆಗಳನ್ನು ಒಂದರಿಂದೊಂದು ಕಳೆದೆ. ಕಂಪದಲ್ಲಿ ನೆಲ ಸೀಳಿದ ಬಿರುಕಿನಿಂದ 2 ಕಿ.ಮೀ. ದೂರದ ಗುಡ್ಡದ ಪೂರ್ವ ಇಳಿಜಾರು ಸುಮಾರು 60 ಸೆಂ.ಮೀ. ಎದ್ದಿದೆ, ಪಶ್ಚಿಮದ್ದು ಅಷ್ಟೇ ಕುಸಿದಿದೆ. ಗುಡ್ಡ ವಾಲಿತೇ?

ಮಾಪಕ (ಭೂಮಾಪನ ತಜ್ಞೆ): ವಾಲಿಲ್ಲ, ಪೂರ್ವಕ್ಕೆ ಜರುಗಿದಂತಿದೆ. 30 ಡಿಗ್ರಿ ಇಳಿಜಾರು 1 ಮೀಟರ್ ಅಡ್ಡ ಸರಿದರೆ, ನಿಂತ ಜಾಗದಲ್ಲಿ ಎತ್ತರ 58 ಸೆಂ.ಮೀ. ಬದಲಾದಂತೆ ಕಾಣುತ್ತದೆ. ನಕ್ಷೆ ಬಿಡಿ, ಬಿಂದುಮೋಡಕ್ಕೇ (ಲೇಸರ್ ಅಳೆದ ಮೂಲ ಬಿಂದುಗಳ ರಾಶಿ) ಹೋಗಿ. ಮೊದಲಿನದನ್ನು 50 ಮೀಟರ್ ಚೌಕಗಳಾಗಿ ಕತ್ತರಿಸಿ. ನಂತರದ್ದರಲ್ಲಿ ಸುತ್ತಲೂ 5 ಮೀಟರ್ ಹೆಚ್ಚುವರಿ ಅಂಚು ಇಡಿ, ಇಲ್ಲದಿದ್ದರೆ ಸರಿದ ನೆಲ ಚೌಕದಾಚೆ ಬಿದ್ದುಹೋಗುತ್ತದೆ. ಪ್ರತಿ ಚೌಕಕ್ಕೂ ಐಸಿಪಿ (ಎರಡು ಬಿಂದುಮೋಡಗಳನ್ನು ಒಂದರ ಮೇಲೊಂದು ಕೂರಿಸುವ ಲೆಕ್ಕವಿಧಾನ) ಓಡಿಸಿ, ಬಿಂದುವಿನಿಂದ ಸಮತಲಕ್ಕೆ ದೂರ ಅಳೆಯುವ ಬಗೆಯಲ್ಲಿ. ಆಗ ಮೂರೂ ದಿಕ್ಕಿನ ಸರಿತ ಸಿಗುತ್ತದೆ.

ನನಗೆ ಚಿಂತೆ ಬೇರೆ. ಈ 1 ಮೀಟರ್ ನೆಲದ್ದೋ, ಎರಡು ಸರ್ವೆಗಳ ನಿರ್ದೇಶಾಂಕದ್ದೋ? ಬಿರುಕಿನ ಎರಡೂ ಕಡೆ ಸರಿತ ಒಂದೇ ಬಂದರೆ ನಿರ್ದೇಶಾಂಕವನ್ನೇ ಮೊದಲು ಅನುಮಾನಿಸಿ; ದಾಟುವಾಗ ಜಿಗಿದರೆ ನೆಲದ್ದು. ನಂತರದ ಹಾರಾಟಕ್ಕೆ ಬಳಸಿದ ಜಿಪಿಎಸ್ ನೆಲೆಯೂ ಭೂಕಂಪದಲ್ಲಿ ಸರಿದಿರಬಹುದು. ಹಳೆಯ ನಿರ್ದೇಶಾಂಕವನ್ನೇ ಕೊಟ್ಟಿದ್ದರೆ ಎಲ್ಲವೂ ತಪ್ಪು. ಎತ್ತರವನ್ನು ಒಂದು ಸರ್ವೆಯಲ್ಲಿ ಭೂಮಿಯ ಗಣಿತದ ಆಕಾರವಾದ ದೀರ್ಘವೃತ್ತಜದಿಂದ, ಇನ್ನೊಂದರಲ್ಲಿ ಸರಾಸರಿ ಸಮುದ್ರಮಟ್ಟಕ್ಕೆ ಹೊಂದುವ ಜಿಯಾಯ್ಡ್‌ನಿಂದ ಅಳೆದದ್ದೇ? ಹಾರಾಟದ ದಿಕ್ಕಿಗೆ ಸಮಾನಾಂತರ ಪಟ್ಟೆಗಳು ಕಂಡರೆ ಅದು ವಿಮಾನ ಒಂದೊಂದು ಸಲ ಹಾದಾಗ ಅಳೆದ ಪಟ್ಟಿಗಳ ಜೋಡಣೆಯ ದೋಷ.

ಅಲೆಮಾರಿ: ಬಯಲಲ್ಲಿ ಅಡ್ಡ ಸರಿತ ಸೊನ್ನೆ ಬರುತ್ತಿದೆ.

ಮಾಪಕ: ಬರುತ್ತದೆ. ಸಪಾಟು ಹಲಗೆಯನ್ನು ಪಕ್ಕಕ್ಕೆ ತಳ್ಳಿದರೆ ಹಲಗೆ ಹಾಗೇ ಕಾಣುತ್ತದೆ. ಹಳ್ಳ, ದಂಡೆ, ದಿಬ್ಬ ಇರುವ ಚೌಕ ಆರಿಸಿ.

ಹೊಂಬೆಳಕು: 'ಫೋನ್ ಲೈಡಾರ್‌ನಲ್ಲಿ ಭೂಕಂಪ ಮೊದಲೇ ಪತ್ತೆ' ಎಂಬ ಸಂದೇಶ ಬಂದಿದೆ, ನಿಜವೇ?

ಮಾಪಕ: ಸುಳ್ಳು. ಅದರ ಕಣ್ಣು 5 ಮೀಟರ್‌ವರೆಗೆ ಮಾತ್ರ. ಯಾವ ಲೈಡಾರೂ ಮುನ್ಸೂಚನೆ ಕೊಡದು. ಮುಂದೆ ಕಳಿಸಬೇಡಿ.

ನೆಲಗಣ್ಣು: ಇಷ್ಟೆಲ್ಲ ಯಾಕೆ? ಉಪಗ್ರಹದ ರೇಡಾರ್ ಚಿತ್ರಗಳನ್ನು ಹೋಲಿಸಿ ಸರಿತ ಅಳೆಯುವ ಇನ್‌ಸಾರ್ ಸಾಕು.

ಅಲೆಮಾರಿ: ಬಿರುಕಿನ ಪಕ್ಕದಲ್ಲಿ ಸಾಲದು. ಸರಿತ ಅಲ್ಲಿ ಹಠಾತ್ ಬದಲಾಗುವುದರಿಂದ ಅದರ ಚಿತ್ರದಲ್ಲಿ ಸರಿತ ತೋರಿಸುವ ಬಣ್ಣದ ಪಟ್ಟೆಗಳು ಕಲಸಿಹೋಗುತ್ತವೆ.

ನೆಲಗಣ್ಣು: ಎರಡು ಚಿತ್ರಗಳಲ್ಲಿ ಚುಕ್ಕೆಗಳು ಎಷ್ಟು ಜರುಗಿವೆ ಎಂದು ನೋಡುವ ಪಿಕ್ಸೆಲ್ ಆಫ್‌ಸೆಟ್ ಇದೆಯಲ್ಲ! ಹಳೆಯ ಲೈಡಾರೇ ಇಲ್ಲದ ಜಾಗದಲ್ಲಿ ನೀವೇನು ಕಳೆಯುತ್ತೀರಿ, ಗಾಳಿಯನ್ನಾ?

ಅಲೆಮಾರಿ: ಜಪಾನಿನ ಕುಮಾಮೊಟೊ ಕಂಪದ ಬಗ್ಗೆ ಓದಿ ಬನ್ನಿ. 2016 ಏಪ್ರಿಲ್ 14ರ ಪೂರ್ವಕಂಪದ ಬಳಿಕ, 16ರ ಮುಖ್ಯ ಕಂಪಕ್ಕೆ ಮುನ್ನ, 15ರಂದೇ ಲೈಡಾರ್ ವಿಮಾನ ಹಾರಿತ್ತು.

ನೆಲಗಣ್ಣು: ಅದು ಅದೃಷ್ಟ, ವಿಧಾನವಲ್ಲ.

ಮಾಪಕ: ಇಬ್ಬರೂ ಸಾಕು. ದೂರಕ್ಕೆ ಇನ್‌ಸಾರ್, ಬಿರುಕಿನ ಹತ್ತಿರಕ್ಕೆ ಲೈಡಾರ್. ಮೆಕ್ಸಿಕೋದ 2010ರ ಎಲ್ ಮೇಯರ್-ಕುಕಪಾ ಕಂಪಕ್ಕೆ 2006ರ ವಿರಳ ಲೈಡಾರ್ ಕೂಡ ಉಪಯೋಗಕ್ಕೆ ಬಂತು. ಆದರೆ ಹಳೆಯದು ವಿರಳವಾದಷ್ಟೂ ಚೌಕ ದೊಡ್ಡದಾಗಬೇಕು.

ಹಸಿರುಬೇಲಿ: ಕಾಡು ದಟ್ಟವಾಗಿದ್ದರೆ? ನೆಲದ ಬಿಂದು ತೀರಾ ಕಡಿಮೆ.

ಕಣಿವೆಹಕ್ಕಿ: ಬಿರುಕಿನ ಕಡಿದಾದ ಅಂಚೇ ನಕ್ಷೆಯಿಂದ ಮಾಯವಾಗಿದೆ!

ಮಾಪಕ: ಕಣಿವೆಹಕ್ಕಿ, ನೆಲ ವಿಂಗಡಿಸುವ ಸೋಸುಕ (ಗಿಡ, ಕಟ್ಟಡಗಳ ಬಿಂದು ತೆಗೆಯುವ ಲೆಕ್ಕ) ಆ ಅಂಚನ್ನು ಗೋಡೆ ಅಂದುಕೊಂಡು ಕಿತ್ತೆಸೆದಿದೆ. ಅನುಮತಿಸುವ ಇಳಿಜಾರಿನ ಮಿತಿ ಏರಿಸಿ, ಅಂಚಿನ ಉದ್ದಕ್ಕೂ ಅಡ್ಡಕೊಯ್ತ ತೆಗೆದು ಕಣ್ಣಲ್ಲೇ ನೋಡಿ.

ನವಿಲುಗರಿ: ಬಯಲಲ್ಲಿ ಅಡ್ಡ ಸರಿತ ಯಾಕೆ ಬರಲ್ಲ ಮೇಡಂ?

ಮಾಪಕ: ಮೇಲೆ ಓದಿ.

ಹೊಂಬೆಳಕು: ಇನ್ನೊಂದು ಸಂದೇಶ ಬಂದಿದೆ, ಹಾಕಲೇ?

ಅಲೆಮಾರಿ: ಬೇಡ!