‘ಎಣ್ಣೆ ಹೀಟರ್’ ಫಲಕಕ್ಕೆ ಆಗುತ್ತದೆಯೇ?

> ಮನೆಯಲ್ಲೇ ಮರಗೆಲಸ ಮಾಡುವವರಿಗಾಗಿ ಕೋಣೆ ಬೆಚ್ಚಗಿಡುವ ಸೂಚನಾ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲದಲ್ಲಿ ‘ಆಯಿಲ್ ಫಿಲ್ಡ್ ರೇಡಿಯೇಟರ್’ ಅಂತಿದೆ. ‘ಎಣ್ಣೆ ಹೀಟರ್ ಮಾತ್ರ ಬಳಸಿ’ ಸಾಕೇ? ಹೀಟರಿಗೆ ಕನ್ನಡ ಪದ ಇದ್ದರೆ ತಿಳಿಸಿ. ನಾಳೆ ಅಚ್ಚಿಗೆ ಹೋಗಬೇಕು.

ಅಚ್ಚಿಗೆ ಕಳಿಸಬೇಡಿ. ತೊಡಕಿರುವುದು ಹೀಟರಿನಲ್ಲಿ ಅಲ್ಲ, ಎಣ್ಣೆಯಲ್ಲಿ.

ಮೂಲ ಹೇಳುತ್ತಿರುವುದು ಕರೆಂಟಿನ ರೇಡಿಯೇಟರ್. ಅದರ ಎಣ್ಣೆ ಮುಚ್ಚಿದ ಪಟ್ಟಿಗಳೊಳಗೆ ಸುಮ್ನೆ ಕಾಯುತ್ತದೆ, ಉರಿಯುವುದಿಲ್ಲ. ‘ಎಣ್ಣೆ ಹೀಟರ್’ ಎಂದರೆ ಓದುವವರಿಗೆ ಹೊಳೆಯುವುದು ಸೀಮೆಎಣ್ಣೆಯದು. ಎಣ್ಣೆ ದೀಪದಲ್ಲಿ ಉರಿಯುವುದು ಎಣ್ಣೆಯೇ ಅಲ್ವಾ? ‘ಎಣ್ಣೆ ತುಂಬಿದ’ ಎಂದು ತಿದ್ದಿದರೂ ಆಗದು, ಸೀಮೆಎಣ್ಣೆ ಹೀಟರಿಗೂ ಎಣ್ಣೆ ತುಂಬಿಸಿಯೇ ಹಚ್ಚುತ್ತಾರೆ. ಯಾವುದು ಕೂಡದೋ ಅದನ್ನೇ ಬಳಸಿ ಎಂದು ಬರೆದಂತಾಗುತ್ತದೆ.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಸೀಮೆಎಣ್ಣೆ, ಗ್ಯಾಸ್, ಇದ್ದಿಲು ಯಾವುದು ಉರಿದರೂ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹಾಗಾಗಿ ‘ಹೊಗೆ ಬಂದರೆ ಹೊರಗೆ ಬನ್ನಿ’ ಎಂಬ ಸಾಲಿದ್ದರೆ ಅದನ್ನೇ ನಂಬಿ ಕೂರುವಂತಾಗಬಾರದು. ಸೀಮೆಎಣ್ಣೆ, ಗ್ಯಾಸ್ ಉರಿದಾಗ ನೀರಾವಿಯೂ ಜಾಸ್ತಿ ಬರುತ್ತದೆ. ತಣ್ಣಗಿರುವ ಉಳಿ, ಗರಗಸದ ಮೇಲೆ ಅದು ಹನಿಗಟ್ಟಿ ತುಕ್ಕು ಹಿಡಿಸುತ್ತದೆ.

ಇನ್ನು ಹೀಟರಿಗೆ ‘ತಾಪಕ’, ‘ಬೆಚ್ಚುಕ’ ಎಂಬ ಹೊಸ ಪದಗಳನ್ನು ಇಲ್ಲಿ ಸೂಚಿಸಿದವರಿಗೆ: ಎರಡೂ ಬೇಡ. ಹೀಟರ್ ಇಂಗ್ಲಿಷಿನದು, ಹೌದು. ಗರಗಸ ಸಂಸ್ಕೃತದ ಕ್ರಕಚದಿಂದ ಬಂದದ್ದು, ಕಾರ್ಖಾನೆ ಪಾರಸಿಯದು. ಅವನ್ನೂ ಹೊರಗಟ್ಟುತ್ತೀರಾ? ‘ಚಳಿ ಕಾಯಿಸು’ ಎಂಬ ಒಳ್ಳೆಯ ಮಾತು ನಮ್ಮಲ್ಲಿದೆ. ಅದು ಬೆಂಕಿಯ ಮುಂದೆ ಕೂರುವವರ ಮಾತು, ಈ ಫಲಕಕ್ಕೆ ಅದೂ ಸಲ್ಲದು. ಅಪಾಯ ಹೇಳುವ ಕಡೆ ಹೊಸ ಪದ ಕಟ್ಟಿ ಪರೀಕ್ಷೆ ಮಾಡಬೇಡಿ.

ನೀವು ಕೇಳದ ಪದ ಒಂದಿದೆ: ‘ಹೊಟ್ಟು’. ಗರಗಸದಿಂದ ಉದುರುವ ದಪ್ಪ ಪುಡಿಗೆ ಅದು ಸರಿ. ಉಪ್ಪುಕಾಗದ ಹಾಕಿ ಉಜ್ಜಿದಾಗ ಏಳುವುದು ದೂಳು. ನೆಲದ ಮೇಲಿನ ಹೊಟ್ಟಿನ ರಾಶಿಗೆ ಕಿಡಿ ಬಿದ್ದರೆ ಮೆಲ್ಲಗೆ ಒಳಗೊಳಗೇ ಸುಡಬಹುದು. ಗಾಳಿಯಲ್ಲಿ ದಟ್ಟವಾಗಿ ತೇಲುವ ದೂಳಿಗೆ ಕಿಡಿ ತಾಗಿದರೆ ಕೋಣೆಯಿಡೀ ಒಮ್ಮೆಲೇ ಭಗ್ಗೆನ್ನುತ್ತದೆ. ಹಾಗಾಗಿ ಫಲಕದಲ್ಲಿ ಹೊಟ್ಟು, ದೂಳು ಎರಡು ಪದವನ್ನೂ ಬರೆಯಿರಿ.

ನನ್ನ ಕರಡು ಇದು:

‘ಕರೆಂಟಿನ ರೇಡಿಯೇಟರ್ ಮಾತ್ರ ಬಳಸಿ. ಉರಿ ಇರುವ ಅಥವಾ ತಂತಿ ಕೆಂಪಾಗುವ ಹೀಟರ್ ಬೇಡ. ರೇಡಿಯೇಟರ್ ಮೇಲೆ ಕೂತ ದೂಳು, ಹೊಟ್ಟು ಒರೆಸಿ, ಆಮೇಲೆ ಸ್ವಿಚ್ ಹಾಕಿ. ಅದರ ಮೇಲೆ ಬಟ್ಟೆ ಒಣಗಿಸಬೇಡಿ.’

‘ಎಣ್ಣೆ’ ಎಲ್ಲೂ ಇಲ್ಲ, ಗಮನಿಸಿ. ಮರಕ್ಕೆ ಹಚ್ಚುವ ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನಾಗೇ ಹೊತ್ತಿಕೊಳ್ಳಬಹುದು. ಜಾಗವಿದ್ದರೆ ಅದಕ್ಕೊಂದು ಸಾಲು ಸೇರಿಸಿ, ಎಣ್ಣೆ ಎಂಬ ಪದ ಅಲ್ಲಿ ಮಾತ್ರ ಬರಲಿ.