ನಿಶಾಚರ ಪ್ರಾಣಿಗಳ ಕಥೆ ಕೇಳಿ ಮಗು ಮಲಗೋ ಬದಲು ಎದ್ದು ಕೂರುತ್ತೆ, ಏನ್ ಮಾಡೋದು?

ಕಾನುಹಾದಿ:
4–5 ವರ್ಷದ ಮಕ್ಕಳಿಗೆ ಮಲಗೋ ಹೊತ್ತಿನ ಕಥೆ ಬರೀತಿದ್ದೇನೆ. ಜಾಗ ಮಲೆನಾಡಿನ ಕಾಡು. ಕಾಡುಪಾಪ (ದೊಡ್ಡ ಕಣ್ಣಿನ ಪುಟ್ಟ ಲೋರಿಸ್), ಮುಳ್ಳುಹಂದಿ, ಹಾರುಬೆಕ್ಕು (ಹಾರುವ ಅಳಿಲು), ಗೂಬೆ, ಕಬ್ಬೆಕ್ಕು (ಪುನುಗಿನ ಜಾತಿ), ಚಿಪ್ಪುಹಂದಿ (ಪ್ಯಾಂಗೋಲಿನ್), ಬಾವಲಿ, ಒಟ್ಟು ಏಳು. ಹೊತ್ತು ಮುಳುಗಿದ ಮೇಲೆ ಒಬ್ಬೊಬ್ಬರಾಗಿ ಏಳ್ತಾರೆ, ಕೊನೆಗೆ ಎಲ್ಲರೂ ಸೇರಿ ಹಬ್ಬ. ಓದೋಕೆ 12 ನಿಮಿಷ. ಮುಗಿಯೋಷ್ಟರಲ್ಲಿ ಮಗು ಎದ್ದು ಕೂತು "ಆಮೇಲೆ?" ಅನ್ನುತ್ತೆ. ಎಲ್ಲಿ ತಪ್ಪಿದೆ?

ಚಿಮಣಿದೀಪ:
ಹಬ್ಬದಲ್ಲೇ! ಪ್ರಾಣಿಗಳು ಏಳ್ತಾ ಹೋದ್ರೆ ಕೇಳೋ ಮಗೂನೂ ಏಳುತ್ತೆ. ಮುಸ್ಸಂಜೆ ಬಿಟ್ಟು ರಾತ್ರಿಯ ಕೊನೇ ಜಾವದಲ್ಲಿ ಶುರು ಮಾಡಿ. ಎಲ್ಲರ ಹೊಟ್ಟೆ ತುಂಬಿದೆ, ಮನೆಗೆ ಹೋಗೋ ಸಮಯ. ಏಳು ಪಾತ್ರ ಹೆಚ್ಚಾಯ್ತು, ನಾಲ್ಕಿರಲಿ. ನಿಧಾನವಾಗಿ ಓದಿ ಐದು ನಿಮಿಷಕ್ಕೆ ಮುಗೀಬೇಕು.

ಸದ್ದಿನ ಲೆಕ್ಕದಲ್ಲಿ ಸಾಲು ಹಚ್ಚಿ. ಮೊದಲು ಮುಳ್ಳುಹಂದಿ. ಅದರ ಬಾಲದ ಟೊಳ್ಳು ಮುಳ್ಳು ಗಲಗಲ ಅನ್ನುತ್ತೆ, ಮಗು ನಗೋದಿದ್ರೆ ಅಲ್ಲೇ ನಕ್ಕುಬಿಡಲಿ. ಅದು ಬಿಲ ಸೇರಿದ ಮೇಲೆ ಹಾರುಬೆಕ್ಕು ಪೊಟರೆಗೆ. ಮೂರನೇದು ಗೂಬೆ: ರೆಕ್ಕೆಗರಿಯ ಅಂಚು ಬಾಚಣಿಗೆ ಹಲ್ಲಿನ ಹಾಗಿರೋದ್ರಿಂದ ಹಾರಿದ್ರೂ ಸದ್ದಿಲ್ಲ, ಓದೋರ ದನಿ ಇಲ್ಲಿಂದ ಪಿಸುಮಾತಿಗೆ ಇಳೀಬೇಕು. ಕಡೆಗೆ ಕಾಡುಪಾಪ.

ಬಗನಿಮರ:
ಸಾಲು ಸರಿಯಾಗಿದೆ. ಆದ್ರೆ ಗೂಬೆ ಬೇಡ ಅಂತೀನಿ. "ಗುಮ್ಮ ಬಂದ" ಅನ್ನೋ ಹೆದರಿಕೆಯಲ್ಲೇ ಊಟ ಮಾಡಿದ ಮಕ್ಕಳಿಗೆ ಕತ್ತಲಲ್ಲಿ ಅದನ್ನೇ ತರೋದು ಯಾಕೆ? ಅಲ್ಲಿ ಚಿಪ್ಪುಹಂದಿ ಇಡಿ. ಮರಿ ಅಮ್ಮನ ಬಾಲದ ಮೇಲೆ ಸವಾರಿ ಮಾಡ್ಕೊಂಡು ಮನೆಗೆ ಹೋಗುತ್ತೆ, ಮಗುವಿಗೆ ಅದಕ್ಕಿಂತ ಬೇಕಾ?

ಚಿತ್ರ ಬರೆಯೋರು ಎಡವೋ ಜಾಗಗಳು: ಕಾಡುಪಾಪಕ್ಕೆ ಬಾಲ ಇಲ್ಲ, ಕೋತಿಮರಿ ಹಾಗೆ ನೆಗೆಯೋದೂ ಇಲ್ಲ. ಅದರ ಊಟ ಹೆಚ್ಚಾಗಿ ಹುಳಹುಪ್ಪಟೆ, ಕೈಗೆ ಬಾಳೆಹಣ್ಣು ಕೊಡಬೇಡಿ. ಹಣ್ಣು ಬೇಕಿದ್ರೆ ಕಬ್ಬೆಕ್ಕಿದೆ, ಬಗನಿ (ತಾಳೆ ಜಾತಿಯ ಕಾಡುಮರ) ಹಣ್ಣು, ಕಾಫಿ ಹಣ್ಣು ಎರಡೂ ತಿನ್ನುತ್ತೆ. ಹಾರುಬೆಕ್ಕಿಗೆ ರೆಕ್ಕೆ ಇಲ್ಲ. ಮುಂಗಾಲು ಹಿಂಗಾಲಿನ ನಡುವಿನ ತೊಗಲು ಬಿಡಿಸಿ ಎತ್ತರದಿಂದ ತಗ್ಗಿಗೆ ತೇಲುತ್ತೆ, ಆಮೇಲೆ ಮತ್ತೆ ಮರ ಹತ್ತಲೇಬೇಕು. ಮುಳ್ಳುಹಂದಿ ಮುಳ್ಳು ಎಸೆಯುತ್ತೆ ಅನ್ನೋದು ಸುಳ್ಳು. ಬೆನ್ನು ತಿರುಗಿಸಿ ಹಿಂದಕ್ಕೆ ನುಗ್ಗಿ ಚುಚ್ಚುತ್ತೆ, ಆದ್ರೆ ಮಲಗೋ ಹೊತ್ತಿಗೆ ಅದೆಲ್ಲಾ ಬೇಡ.

ಕಾನುಹಾದಿ:
ಚಿಪ್ಪುಹಂದಿ ಬರಲಿ, ಗೂಬೆ ಔಟ್. ಒಂದು ಅನುಮಾನ: ಬೆಳಗಾಗ್ತಿದೆ ಅಂದ್ರೆ ಮಗು "ಹಂಗಾದ್ರೆ ಏಳೋಣ" ಅನ್ನಲ್ವಾ?

ಚಿಮಣಿದೀಪ:
ಅನ್ನುತ್ತೆ! ಅದಕ್ಕೇ ಕೋಳಿ ಕೂಗಿಸಬೇಡಿ, ಸೂರ್ಯನ ಹೆಸರೂ ಎತ್ತಬೇಡಿ. ಚಂದ್ರ ಮರದ ಹಿಂದೆ ಸರಿದ ಅಂದ್ರೆ ಸಾಕು, ಕತ್ತಲು ಇನ್ನೂ ಇರಲಿ. ಗೂಬೆ ಹೋದ ಮೇಲೆ ಪಿಸುಮಾತು ಚಿಪ್ಪುಹಂದಿ ಸುರುಳಿಯಾಗೋ ಕಡೆಯಿಂದ ಶುರುವಾಗಲಿ.

ಕೊನೇ ಪುಟದಲ್ಲಿ ವಾಕ್ಯ ಚಿಕ್ಕದಾಗ್ತಾ ಹೋಗಬೇಕು, ಒಂದೊಂದಕ್ಕೂ ಒಂದು ಉಸಿರಿನಷ್ಟು ಬಿಡುವು. ಕಾಡುಪಾಪ ಕೊಂಬೆ ಹಿಡ್ಕೊಂಡೇ ಉಂಡೆಯಾಗಿ ಮಲಗೋದ್ರಿಂದ ಇದು ಸಲೀಸು:

"ಒಂದು ಕೈ ಕೊಂಬೆ ಹಿಡಿಯಿತು. ಇನ್ನೊಂದು ಕೈ ಹಿಡಿಯಿತು. ಒಂದು ಕಾಲು. ಇನ್ನೊಂದು ಕಾಲು. ತಲೆ ಮಡಿಲಿಗೆ. ಕಣ್ಣು…"

"ಮುಚ್ಚಿತು" ಅಂತ ಓದಬೇಡಿ. ಅಲ್ಲಿಗೇ ನಿಲ್ಲಿಸಿ ದೀಪ ಆರಿಸಿ.